ಶಾಲೆಯ ಚೀಟಿ ಬ್ಯಾಗಿನ ತಳದಲ್ಲೇ ಉಳಿಯದಿರಲಿ

ಕಳೆದ ಜುಲೈನ ಒಂದು ರಾತ್ರಿ. ಗಂಟೆ ಒಂಬತ್ತೂವರೆ. ಬೆಂಗಳೂರಿನ ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ನಾನು ಎಲೆ ಕೀಳುತ್ತಿದ್ದೆ. ಎರಡನೇ ಕ್ಲಾಸಿನ ಮಗಳು ಪಕ್ಕದಲ್ಲಿ ನಿಂತು ಲೆಕ್ಕ ಹಾಕುತ್ತಿದ್ದಳು. ಹೊಂಗೆ ಆಯ್ತು, ದಾಸವಾಳ ಆಯ್ತು, ಕರಿಬೇವು ಫ್ರಿಜ್‌ನಲ್ಲೇ ಇದೆ. ಇನ್ನೂ ಎರಡು ಬೇಕು. ಎದುರು ಮನೆಯ ಅಜ್ಜಿ ಗೇಟಿನೊಳಗಿಂದ ‘ಯಾರದು?’ ಎಂದು ಕೂಗಿದರು. ವಿಷಯ ಹೇಳಿದೆ. ‘ತುಳಸಿ ಮಾತ್ರ ಈ ಹೊತ್ತಲ್ಲಿ ಕೀಳಬೇಡಪ್ಪ, ದೊಡ್ಡಪತ್ರೆ ತಗೋ, ಒಳಗೆ ವೀಳ್ಯದೆಲೆ ಇದೆ, ಕೊಡ್ತೀನಿ’ ಎಂದರು. ಐದು ಆಯಿತು.

‘ಐದು ಬಗೆಯ ಎಲೆ ತನ್ನಿ’ ಎಂಬ ಚೀಟಿ ಸೋಮವಾರವೇ ಬಂದಿತ್ತು. ಅಂದು ಗುರುವಾರ. ಬ್ಯಾಗಿನ ಮುಂದಿನ ಜೇಬಿನಲ್ಲಿ, ಅರ್ಧ ತಿಂದ ಕಡಲೆಮಿಠಾಯಿಗೆ ಅಂಟಿಕೊಂಡು ಕೂತಿತ್ತು. ಮಿಸ್ ಕಳಿಸಿದ್ದರು, ಮಗು ತಂದಿತ್ತು. ಹೆಂಡತಿ ನೋಡಿರುತ್ತಾಳೆ ಎಂದು ನಾನು, ನಾನು ನೋಡಿರುತ್ತೇನೆ ಎಂದು ಅವಳು. ಇಬ್ಬರೂ ನೋಡಿರಲಿಲ್ಲ.

ಆಮೇಲೆ ನಮ್ಮ ಮನೆಯಲ್ಲಿ ಒಂದು ಪದ್ಧತಿ ಬಂತು. ಒಂದು ವರ್ಷದಿಂದ ನಡೆಯುತ್ತಿದೆ. ಎರಡು ಸಲ ತಪ್ಪಿದೆ, ಅಷ್ಟೇ. ಪ್ರೈಮರಿ ಮಕ್ಕಳಿರುವ ಬೇರೆ ಮನೆಗಳಿಗೂ ಆಗಬಹುದು ಎಂದು ಬರೆಯುತ್ತಿದ್ದೇನೆ.

ಮೊದಲು: ಡಬ್ಬಿ ತೆಗೆದವರೇ ಡೈರಿ ನೋಡಬೇಕು

ಶಾಲೆಯ ಸುದ್ದಿ ಮನೆಗೆ ಒಂದೇ ದಾರಿಯಲ್ಲಿ ಬರುವುದಿಲ್ಲ. ಡೈರಿ ಇದೆ, ಬಿಡಿ ಚೀಟಿ ಇದೆ, ಕ್ಲಾಸಿನ ವಾಟ್ಸಾಪ್ ಗ್ರೂಪ್ ಇದೆ, ಕೆಲವು ಶಾಲೆಗಳಿಗೆ ಆ್ಯಪ್ ಇದೆ. ವ್ಯಾನ್ ಅಂಕಲ್ ಬಾಯಲ್ಲಿ ಒಂದಿಷ್ಟು ಬರುತ್ತದೆ. ಉಳಿದದ್ದು ಮಗುವಿನ ಬಾಯಲ್ಲಿ, ಅದೂ ಮಲಗುವ ಹೊತ್ತಿಗೆ.

‘ದಿನಾ ಬ್ಯಾಗ್ ನೋಡಿ’ ಎಂದು ಎಲ್ಲರೂ ಹೇಳುತ್ತಾರೆ. ಸುಮ್ನೆ ಹಾಗೆ ಹೇಳಿದರೆ ನಾಲ್ಕು ದಿನ ನಡೆಯುತ್ತದೆ, ಐದನೇ ದಿನ ಮರೆತುಹೋಗುತ್ತದೆ. ಮರೆಯಲು ಆಗದ ಕೆಲಸಕ್ಕೆ ಇದನ್ನು ಗಂಟು ಹಾಕಬೇಕು. ಟಿಫನ್ ಡಬ್ಬಿ ಅಂಥ ಕೆಲಸ. ಅದನ್ನು ತೆಗೆಯದಿದ್ದರೆ ಮಾರನೆಯ ದಿನ ವಾಸನೆಯೇ ಕರೆಯುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಡಬ್ಬಿ ಸಿಂಕಿಗೆ ಹಾಕುವವರು ಯಾರೋ, ಡೈರಿ ನೋಡಿ ಸಹಿ ಹಾಕುವವರೂ ಅವರೇ. ನಾನಾಗಲಿ, ಹೆಂಡತಿಯಾಗಲಿ, ಊರಿಂದ ಬಂದ ಅತ್ತೆಯಾಗಲಿ. ಅತ್ತೆ ಕನ್ನಡಕ ಹುಡುಕಿಕೊಂಡು ಓದುತ್ತಾರೆ. ನಮ್ಮಿಬ್ಬರಿಗಿಂತ ಚೆನ್ನಾಗಿಯೇ ನೋಡುತ್ತಾರೆ.

ಡೈರಿ ಆದ ಮೇಲೆ ಮುಂದಿನ ಜೇಬು, ಪಕ್ಕದ ನೀರಿನ ಬಾಟಲಿ ಜಾಗ, ಕೊನೆಗೆ ತಳ. ಚೀಟಿಗಳು ಮುಕ್ಕಾಲು ಪಾಲು ತಳದಲ್ಲೇ ಸಿಗುವುದು. ಬ್ಯಾಗನ್ನು ಒಮ್ಮೆ ಮಗುಚಿ ಕೊಡವಿ. ಪೆನ್ಸಿಲ್ ಸಿಪ್ಪೆ, ಒಂದು ಸಾಕ್ಸ್, ಯಾರದೋ ರಬ್ಬರ್ ಎಲ್ಲ ಬೀಳುತ್ತವೆ.

ಕೊಡವುವಾಗ ತೂಕವನ್ನೂ ಗಮನಿಸಿ. 2019ರಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಆದೇಶದಂತೆ 1 ಮತ್ತು 2ನೇ ತರಗತಿಗೆ ಬ್ಯಾಗ್ ಒಂದೂವರೆಯಿಂದ 2 ಕೆ.ಜಿ., 3ರಿಂದ 5ನೇ ತರಗತಿಗೆ 2ರಿಂದ 3 ಕೆ.ಜಿ. ಇರಬೇಕು. ತಿಂಗಳ ಮೂರನೇ ಶನಿವಾರ ಬ್ಯಾಗ್ ಇಲ್ಲದ ದಿನ, ‘ಸಂಭ್ರಮ ಶನಿವಾರ’. ನಮ್ಮ ಮಗಳ ಬ್ಯಾಗನ್ನು ಒಮ್ಮೆ ಅಡುಗೆಮನೆಯ ತಕ್ಕಡಿಗೆ ನೇತು ಹಾಕಿದೆ. ಮೂರೂವರೆ ತೋರಿಸಿತು. ಅದರಲ್ಲಿ ಒಂದು ಕೆ.ಜಿ. ನಾವೇ ತುಂಬಿದ್ದ ನೀರು ಮತ್ತು ಸ್ಟೀಲ್ ಬಾಟಲಿ. ಶಾಲೆಗೆ ದೂರು ಕೊಡುವ ಮೊದಲು ಇದನ್ನು ನೋಡಿಕೊಳ್ಳುವುದು ವಾಸಿ.

ಸರ್ಕ್ಯುಲರ್ ಓದುವುದು ಹೇಗೆ

ನಗಬೇಡಿ. ಇದಕ್ಕೂ ಒಂದು ವಿಧಾನ ಬೇಕು. ಸರ್ಕ್ಯುಲರ್ ಹೇಗಿರುತ್ತದೆ ಎಂದು ನಿಮಗೂ ಗೊತ್ತು. ಸುಮಾರಾಗಿ ಹೀಗೆ:

‘ಆತ್ಮೀಯ ಪೋಷಕರೇ, ಪ್ರತಿ ವರ್ಷದಂತೆ ಈ ವರ್ಷವೂ ನಮ್ಮ ಶಾಲೆಯಲ್ಲಿ ಸ್ವಾತಂತ್ರ್ಯೋತ್ಸವವನ್ನು ವಿಜೃಂಭಣೆಯಿಂದ ಆಚರಿಸಲು ನಿರ್ಧರಿಸಲಾಗಿದೆ. ತಮ್ಮೆಲ್ಲರ ಸಹಕಾರವನ್ನು ಕೋರುತ್ತೇವೆ. ಪೂರ್ವಸಿದ್ಧತೆಯ ನಿಮಿತ್ತ 14ರಂದು 1ರಿಂದ 3ನೇ ತರಗತಿಯ ಮಕ್ಕಳನ್ನು ಮಧ್ಯಾಹ್ನ 12.30ಕ್ಕೆ ಬಿಡಲಾಗುವುದು. ಅಂದು ಶಾಲಾ ವಾಹನದ ವ್ಯವಸ್ಥೆ ಇರುವುದಿಲ್ಲ. ಮಕ್ಕಳು ಬಿಳಿ ಸಮವಸ್ತ್ರದಲ್ಲಿ ಬರತಕ್ಕದ್ದು.’

ಮೊದಲ ಎರಡು ಸಾಲಿಗೆ ನಮಸ್ಕಾರ ಹಾಕಿ ಮುಂದೆ ಹೋಗಿ. ಪೆನ್ಸಿಲ್ ಹಿಡಿದು ದಿನಾಂಕ, ಗಂಟೆ, ತರಗತಿ ಇರುವ ಕಡೆ ಗೆರೆ ಎಳೆಯಿರಿ. ಆಮೇಲೆ ‘ಇಲ್ಲ’ ಎಂಬುದು ಎಲ್ಲಿದೆ ನೋಡಿ. ಮೇಲಿನ ಚೀಟಿಯಲ್ಲಿ ನಿಜವಾದ ಸುದ್ದಿ ಸ್ವಾತಂತ್ರ್ಯೋತ್ಸವ ಅಲ್ಲ, ‘ವಾಹನದ ವ್ಯವಸ್ಥೆ ಇರುವುದಿಲ್ಲ’ ಎಂಬ ಮೂರು ಪದ. ಅದನ್ನು ಬಿಟ್ಟು ಬಿಳಿ ಶೂಗೆ ಪಾಲಿಶ್ ಹಾಕುತ್ತಾ ಕೂತರೆ ಹನ್ನೆರಡೂವರೆಗೆ ಮಗು ಗೇಟಿನ ಹತ್ತಿರ, ನೀವು ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ.

ಇನ್ನೊಂದು ಮಾತು. ಬಿಳಿ ಸಮವಸ್ತ್ರ ಮಾಮೂಲಿ ಬಿಳಿಯೋ, ಪಿ.ಟಿ. ಬಿಳಿಯೋ? ಅನುಮಾನ ಇದ್ದರೆ ಅದೇ ದಿನ ಡೈರಿಯಲ್ಲಿ ಒಂದು ಸಾಲು ಬರೆದು ಕೇಳಿ. ರಾತ್ರಿ ಹತ್ತಕ್ಕೆ ಗ್ರೂಪಿನಲ್ಲಿ ಕೇಳಿದರೆ ಉತ್ತರ ಹನ್ನೆರಡು ಬರುತ್ತವೆ, ಹನ್ನೆರಡೂ ಬೇರೆ ಬೇರೆ.

ಕ್ಯಾಲೆಂಡರಿನಲ್ಲಿ ಹಿಂದಿನ ದಿನದ ಮನೆ

ಫೋನಿನ ರಿಮೈಂಡರ್ ಒಳ್ಳೆಯದೇ. ಆದರೆ ಅದು ಒಬ್ಬರ ಜೇಬಿನಲ್ಲಿರುತ್ತದೆ. ರಾಹುಕಾಲ, ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಎಲ್ಲ ಇರುವ ಗೋಡೆ ಕ್ಯಾಲೆಂಡರ್ ಮನೆಯವರೆಲ್ಲರ ಕಣ್ಣಿಗೆ ಬೀಳುತ್ತದೆ. ಶಾಲೆಯ ಸುದ್ದಿಗೂ ಅದೇ ಜಾಗ.

ಬರೆಯುವಾಗ ಒಂದು ಚಿಕ್ಕ ಉಪಾಯ. ಕೆಲಸ ಇರುವ ದಿನದ ಮನೆಯಲ್ಲಿ ಬರೆಯಬೇಡಿ, ಹಿಂದಿನ ದಿನದ ಮನೆಯಲ್ಲಿ ಬರೆಯಿರಿ. ಶುಕ್ರವಾರ ಹಳದಿ ಬಟ್ಟೆ ಎಂದರೆ ಗುರುವಾರದ ಮನೆಯಲ್ಲಿ ‘ಹಳದಿ ಫ್ರಾಕ್ ಇಸ್ತ್ರಿ’ ಎಂದಿರಲಿ. ಶುಕ್ರವಾರ ಬೆಳಿಗ್ಗೆ ಏಳಕ್ಕೆ ‘ಹಳದಿ ಬಟ್ಟೆ’ ಎಂದು ಓದಿ ಪ್ರಯೋಜನವಿಲ್ಲ, ಫ್ರಾಕ್ ಒಗೆಯುವ ಬಟ್ಟೆ ಬುಟ್ಟಿಯಲ್ಲಿರುತ್ತದೆ.

ವರ್ಷದ ಶುರುವಿನಲ್ಲೇ ಗೊತ್ತಿರುವುದನ್ನು ಒಂದೇ ಸಲ ತುಂಬಿಬಿಡಿ. ಆಗಸ್ಟ್ 15, ಸೆಪ್ಟೆಂಬರ್ 5, ನವೆಂಬರ್ 1, ನವೆಂಬರ್ 14, ಜನವರಿ 26. ಈ ದಿನಗಳಿಗೆ ಡ್ರೆಸ್ಸೋ ಭಾಷಣವೋ ಹಾಡೋ ಇದ್ದೇ ಇರುತ್ತದೆ. ರಾಜ್ಯೋತ್ಸವಕ್ಕೆ ಒನಕೆ ಓಬವ್ವ ಆಗಬೇಕಾದವರು ಅಕ್ಟೋಬರ್ ಮೂರನೇ ವಾರದಲ್ಲೇ ಡ್ರೆಸ್ ಬಾಡಿಗೆ ಅಂಗಡಿಗೆ ಹೋಗಿ. ಕೊನೆಯ ವಾರ ಹೋದರೆ ಒನಕೆ ಇರುತ್ತದೆ, ಸೀರೆ ಇರುವುದಿಲ್ಲ.

ರಜೆಯ ವಿಷಯದಲ್ಲಿ ಮಾತ್ರ ಅಂದಾಜು ಮಾಡಬೇಡಿ. ಪಕ್ಕದ ಮನೆಯ ಮಗುವಿಗೆ ದಸರಾ ರಜೆ ಇದೆ ಎಂದು ಊರಿಗೆ ಬಸ್ ಟಿಕೆಟ್ ಮಾಡಿ ಸಿಕ್ಕಿಬಿದ್ದವರನ್ನು ನೋಡಿದ್ದೇನೆ. ರಾಜ್ಯ ಪಠ್ಯಕ್ರಮದ ಶಾಲೆಯ ರಜೆಯೇ ಬೇರೆ, ಸಿಬಿಎಸ್‌ಇ ಶಾಲೆಯದೇ ಬೇರೆ. 2025ರಲ್ಲಿ ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಬೇಕಾಗಿದ್ದರಿಂದ ಸರ್ಕಾರ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಿದ್ದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ. ಟಿವಿಯಲ್ಲಿ ‘ಶಾಲೆಗಳಿಗೆ ರಜೆ’ ಎಂದು ಓಡಿದ್ದು ನೋಡಿ ಖಾಸಗಿ ಶಾಲೆಯ ಮಕ್ಕಳೂ ಕುಣಿದಿದ್ದರು, ಪಾಪ.

ಗ್ರೂಪಿನ ಗದ್ದಲ

ಕ್ಲಾಸಿನ ಗ್ರೂಪಿನಲ್ಲಿ ಮಿಸ್ ಒಂದು ಸಾಲು ಹಾಕುತ್ತಾರೆ. ಕೆಳಗೆ ಮೂವತ್ತು ‘ಥ್ಯಾಂಕ್ಯೂ ಮಿಸ್’, ನಾಲ್ಕು ಹೂಗುಚ್ಛ, ಒಂದು ಶುಭೋದಯ. ಆ ಒಂದು ಸಾಲು ಹುಡುಕಲು ಕತ್ತು ನೋಯುತ್ತದೆ. ಸಾಧ್ಯವಾದರೆ ಪೋಷಕರ ಸಭೆಯಲ್ಲಿ ಇಷ್ಟು ಕೇಳಿ: ಮಿಸ್ ಮಾತ್ರ ಬರೆಯುವ ಗ್ರೂಪ್ ಒಂದು, ಹರಟೆಗೆ ಬೇರೆ ಗ್ರೂಪ್ ಒಂದು. ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸುವಂತೆ ಮಾಡುವುದು ವಾಟ್ಸಾಪ್‌ನಲ್ಲಿ ಅರ್ಧ ನಿಮಿಷದ ಕೆಲಸ. ಅದಾಗದಿದ್ದರೆ ಮಿಸ್ ಹಾಕಿದ ಸಂದೇಶಕ್ಕೆ ಆಗಲೇ ಸ್ಟಾರ್ ಒತ್ತಿಟ್ಟುಕೊಳ್ಳಿ.

ಮಳೆ ರಜೆಯ ಸುದ್ದಿ ಬಂದಾಗ ಜಾಸ್ತಿ ಎಚ್ಚರ ಬೇಕು. 2024ರ ಅಕ್ಟೋಬರ್‌ನಲ್ಲಿ ಭಾರಿ ಮಳೆಯಾದಾಗ ಬೆಂಗಳೂರಿನ ಶಾಲೆಗಳಿಗೆ ರಜೆ ಕೊಟ್ಟಿದ್ದು ನೆನಪಿದೆ ಅಲ್ವಾ? ಇಂಥ ರಜೆ ಘೋಷಿಸುವವರು ಜಿಲ್ಲಾಧಿಕಾರಿ. ಆದೇಶದ ಫೋಟೋ ಫಾರ್ವರ್ಡ್ ಆಗಿ ಬಂದರೆ ಎರಡು ಕಡೆ ನೋಡಿ: ಮೇಲೆ ಜಿಲ್ಲೆಯ ಹೆಸರು, ಕೆಳಗೆ ಸಹಿಯ ಹತ್ತಿರ ದಿನಾಂಕ. ಕೊಡಗಿನ ಆದೇಶವೋ, ಹೋದ ವರ್ಷದ್ದೋ ಇಲ್ಲಿ ಸುತ್ತುತ್ತಿರುವುದು ಪ್ರತಿ ಮಳೆಗಾಲದಲ್ಲೂ ಇದ್ದದ್ದೇ. ಎರಡೂ ಸರಿ ಇದ್ದರೂ ಶಾಲೆಯ ಸಂದೇಶ ಬರುವವರೆಗೆ ಡಬ್ಬಿಗೆ ಉಪ್ಪಿಟ್ಟು ಮಾಡುವುದನ್ನು ನಿಲ್ಲಿಸಬೇಡಿ. ರಜೆಯಾದರೆ ಮನೆಯಲ್ಲೇ ತಿನ್ನಬಹುದು.

2023ರ ಡಿಸೆಂಬರ್ 1ರಂದು ನಗರದ ಹಲವು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂದಿತ್ತು. ಹುಸಿ ಬೆದರಿಕೆ. ಆದರೆ ಮಕ್ಕಳನ್ನು ಕರೆದುಕೊಂಡು ಹೋಗಿ ಎಂದು ಪೋಷಕರಿಗೆ ಫೋನ್ ಹೋಗಿದ್ದು ನಿಜ. ಅಂಥ ಹೊತ್ತಿನಲ್ಲಿ ಶಾಲೆಯ ಬಳಿ ಇರುವ ನಂಬರ್ ನೀವು ಎರಡು ವರ್ಷದ ಹಿಂದೆ ಬಿಟ್ಟ ಸಿಮ್‌ನದಾಗಿದ್ದರೆ? ಡೈರಿಯ ಮೊದಲ ಪುಟ ಇವತ್ತೇ ತೆರೆದು ನೋಡಿ. ನಿಮ್ಮ ಬದಲು ಮಗುವನ್ನು ಕರೆದುಕೊಂಡು ಬರುವವರ ಹೆಸರು, ನಂಬರ್, ಫೋಟೋ ಸರಿ ಇದೆಯೇ ನೋಡಿ. ಗೇಟಿನಲ್ಲಿ ಆಯಾ ‘ನೀವು ಯಾರು?’ ಎಂದು ತಾತನನ್ನು ತಡೆದರೆ ಸಿಟ್ಟಾಗಬೇಡಿ, ಅವರ ಕೆಲಸವೇ ಅದು.

ಔಷಧಿ, ಲಸಿಕೆ, ಕಾಗದಪತ್ರ

ಆರೋಗ್ಯದ ಚೀಟಿಗಳಿಗೆ ಸಹಿ ಹಾಕುವ ಮೊದಲು ಪೂರ್ತಿ ಓದಿ. ಫೆಬ್ರವರಿ 10 ಮತ್ತು ಆಗಸ್ಟ್ 10 ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ. ಆ ಸಮಯದಲ್ಲಿ ಶಾಲೆಯಲ್ಲಿ ಅಲ್ಬೆಂಡಜೋಲ್ 400 ಎಂ.ಜಿ. ಮಾತ್ರೆ ಕೊಡುತ್ತಾರೆ, ಅಗಿದು ತಿನ್ನುವಂಥದ್ದು. ಮಗುವಿಗೆ ಅಂದು ಜ್ವರ ಇದ್ದರೆ, ಅಥವಾ ಮನೆಯ ಡಾಕ್ಟರ್ ಇತ್ತೀಚೆಗೆ ಅದೇ ಮಾತ್ರೆ ಕೊಟ್ಟಿದ್ದರೆ ಚೀಟಿಯ ಮೇಲೆಯೇ ಬರೆದು ಕಳಿಸಿ. ಲಸಿಕೆಗೆ ಬಂದರೆ, ಸರ್ಕಾರದ ಪಟ್ಟಿಯಲ್ಲಿ ಐದು ದಾಟಿದಾಗ ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವುದು) ಬೂಸ್ಟರ್, ಹತ್ತಕ್ಕೆ ಟಿಡಿ (ಧನುರ್ವಾಯು, ಗಂಟಲುಮಾರಿಗೆ) ಇದೆ. ಲಸಿಕೆ ಬರೆದಿಡುವ ತಾಯಿ ಕಾರ್ಡ್ ಮಗುವಿನ ಮೂರು ವರ್ಷಕ್ಕೇ ಬೀರು ಸೇರಿದ ಮನೆಗಳೇ ಜಾಸ್ತಿ. ಹೊರಗೆ ತೆಗೆಯಿರಿ.

ಕೆಂಗಣ್ಣು ಬಂದ ಮಗುವನ್ನು ‘ಇವತ್ತೊಂದು ಟೆಸ್ಟ್ ಇದೆ’ ಎಂದು ಕಳಿಸುವುದು ಬೇಡ. 2023ರ ಮಳೆಗಾಲದಲ್ಲಿ ಒಂದು ಬೆಂಚಿನಿಂದ ಇಡೀ ಕ್ಲಾಸಿಗೆ ಹೇಗೆ ಹಬ್ಬಿತು ಎಂದು ನೋಡಿದವರಿಗೆ ಗೊತ್ತು.

ಕಾಗದಪತ್ರಕ್ಕೆ ಒಂದೇ ಫೋಲ್ಡರ್ ಸಾಕು: ಜನನ ಪ್ರಮಾಣಪತ್ರ, ಆಧಾರ್, ಜಾತಿ–ಆದಾಯ ಪ್ರಮಾಣಪತ್ರ, ನಾಲ್ಕು ಪಾಸ್‌ಪೋರ್ಟ್ ಸೈಜ್ ಫೋಟೋ, ಶಾಲೆ ಕೊಟ್ಟಿರುವ ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ). ಎಲ್ಲದರ ಫೋಟೋ ಫೋನಿನಲ್ಲೂ ಇರಲಿ. ಐದು ವರ್ಷದ ಒಳಗೆ ಮಾಡಿಸಿದ ಆಧಾರ್‌ನಲ್ಲಿ ಮಗುವಿನ ಬೆರಳಚ್ಚು ಇರುವುದಿಲ್ಲ. ಐದು ತುಂಬಿದ ಮೇಲೆ ಬೆರಳಚ್ಚು ಮತ್ತು ಕಣ್ಣಿನ ಗುರುತು ಕೊಡಿಸಬೇಕು. ಐದರಿಂದ ಏಳರೊಳಗೆ ಮಾಡಿಸಿದರೆ ಉಚಿತ. ಹೆಸರಿನ ಸ್ಪೆಲ್ಲಿಂಗ್ ಎಲ್ಲದರಲ್ಲೂ ಒಂದೇ ಇದೆಯೇ ನೋಡಿ. ಒಂದರಲ್ಲಿ ಅಪ್ಪನ ಹೆಸರು ಸೇರಿ, ಇನ್ನೊಂದರಲ್ಲಿ ಬರೀ ಇನಿಶಿಯಲ್ ಇದ್ದರೆ ಈಗಲೇ ಸರಿಮಾಡಿಸಿ. ಹತ್ತನೇ ಕ್ಲಾಸಿನಲ್ಲಿ ಓಡಾಡುವುದು ತಪ್ಪುತ್ತದೆ.

ಬಾಯಿಮಾತಿನ ಸುದ್ದಿ

ಎಲ್ಲ ಶಾಲೆಗಳಲ್ಲೂ ಚೀಟಿ ಬರುವುದಿಲ್ಲ. ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕನ ಮಗ ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು. ಅಲ್ಲಿ ಸುದ್ದಿ ಬೆಳಗಿನ ಪ್ರಾರ್ಥನೆಯಲ್ಲಿ ಹೇಳುತ್ತಾರೆ, ಮಗು ಮನೆಗೆ ತರಬೇಕು. ಮೊಟ್ಟೆಯೋ ಬಾಳೆಹಣ್ಣೋ ಎಂದು ಕೇಳುವುದಿರಲಿ, ಯೂನಿಫಾರ್ಮ್ ಬಟ್ಟೆ ಬಂದಿರುವುದಿರಲಿ, ಎಸ್‌ಡಿಎಂಸಿ (ಪೋಷಕರೂ ಇರುವ ಶಾಲಾ ಉಸ್ತುವಾರಿ ಸಮಿತಿ) ಸಭೆ ಇರಲಿ, ಎಲ್ಲ ಬಾಯಿಮಾತೇ.

‘ಇವತ್ತು ಸ್ಕೂಲಲ್ಲಿ ಏನಾಯ್ತು?’ ಎಂದರೆ ಅವನು ‘ಏನಿಲ್ಲ’ ಎನ್ನುತ್ತಾನಂತೆ. ನಮ್ಮವಳೂ ಅದೇ. ಅಕ್ಕ ಈಗ ಹಾಗೆ ಕೇಳುವುದಿಲ್ಲ. ‘ಪ್ರೇಯರಲ್ಲಿ ಮೇಷ್ಟ್ರು ಏನಂದ್ರು? ಏನಾದ್ರೂ ತರಕ್ಕೆ ಹೇಳಿದ್ರಾ? ಯಾರನ್ನಾದ್ರೂ ಬರಕ್ಕೆ ಹೇಳಿದ್ರಾ?’ ಎಂದು ಮೂರೇ ಪ್ರಶ್ನೆ. ಉತ್ತರ ಬರುತ್ತದೆ. ನಾನೂ ಅದನ್ನೇ ಕದ್ದೆ.

ಈ ವಾರ ಡಬ್ಬಿ ತೆಗೆಯುವ ಪಾಳಿ ನನ್ನದು. ನಿನ್ನೆ ಡೈರಿಯಲ್ಲಿ ‘ಮಂಗಳವಾರ ಖಾಲಿ ಬೆಂಕಿಪೊಟ್ಟಣ 6’ ಎಂದಿತ್ತು. ಸೋಮವಾರದ ಮನೆಯಲ್ಲಿ ಬರೆದಾಯಿತು. ನಮ್ಮ ಮನೆಯಲ್ಲಿರುವುದು ಗ್ಯಾಸ್ ಲೈಟರ್. ಎದುರು ಮನೆಯ ಅಜ್ಜಿಗೆ ಈಗಲೇ ಹೇಳಿಟ್ಟಿದ್ದೇವೆ. ದಿನಾ ಎರಡು ಹೊತ್ತು ದೀಪ ಹಚ್ಚುವವರು, ನಾಲ್ಕಂತೂ ಅವರ ಬಳಿ ಸಿಗುತ್ತವೆ.