ಹದಿನಾರು ಪುಟದ ತರಗತಿ ಪುಸ್ತಕ: ಕಟ್ಟುವುದು, ಓದಿಸುವುದು

ಮಕ್ಕಳ ಜೊತೆ ಡಿಜಿಟಲ್ ಪುಸ್ತಕ ಮಾಡಲು ಆ್ಯಪ್ ಹುಡುಕುವ ಮೊದಲು ಅದು ಎಲ್ಲಿ ತೆರೆದುಕೊಳ್ಳಬೇಕು ಎಂದು ತೀರ್ಮಾನಿಸಿ. ತರಗತಿಯ ಟಿವಿಯೋ, ಪಾಲಕರ ಫೋನೋ, ಜೆರಾಕ್ಸ್ ಪ್ರತಿಯೋ. ಟಿವಿಗೆ ಅಡ್ಡ ಪುಟ ಬೇಕು, ಪಿಡಿಎಫ್ ಸಾಕು. ಫೋನಿಗೆ ಅಕ್ಷರ ಹಿಗ್ಗಿಸಿ ಕುಗ್ಗಿಸಲು ಬರುವ ಇ-ಪಬ್ ಎಂಬ ಇ-ಪುಸ್ತಕದ ಕಡತ ಒಳ್ಳೆಯದು. ಕಾಗದಕ್ಕೆ ಉದ್ದ ಪುಟ, ಅದೂ ಒಟ್ಟು ಪುಟ ನಾಲ್ಕರಿಂದ ಭಾಗವಾಗಬೇಕು. ಮೂರನ್ನೂ ಒಂದೇ ಕಡತದಲ್ಲಿ ಸಾಧಿಸಹೊರಟರೆ ಮೂರೂ ಕೆಡುತ್ತವೆ.

ನಾಲ್ಕು-ಐದನೇ ತರಗತಿಯ ಮಕ್ಕಳು ಮಾಡಬಹುದಾದ ‘ಜೋಳದ ರೊಟ್ಟಿ’ ಎಂಬ ಪುಸ್ತಕವನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ರಕ್ಷಾಪುಟ 1, ಮಾಡಿದವರ ಹೆಸರಿನ ಪುಟ 1, ಒಳಪುಟ 12, ಪ್ರಶ್ನೆಗಳಿಗೆ 1, ಹಿಂಬದಿ 1. ಒಟ್ಟು 16. ಒಳಪುಟಕ್ಕೆ ಒಂದು ಚಿತ್ರ, ಎರಡು ವಾಕ್ಯ, ಅಷ್ಟೇ. ‘ಎಸರು ಕುದಿಯಿತು. ಅವ್ವ ಹಿಟ್ಟು ಹಾಕಿದಳು’ ಎಂದು ಮಗು ಬರೆದರೆ ಹಾಗೇ ಬಿಡಿ. ‘ಎಸರು’ ತೆಗೆದು ‘ಬಿಸಿನೀರು’ ಮಾಡುವ ಉತ್ಸಾಹ ಬೇಡ.

ಯಾವುದರಲ್ಲಿ ಮಾಡುವುದು

ಚಿತ್ರ ಬಿಡಿಸಲು ಸಮಯವಿಲ್ಲದಿದ್ದರೆ ಸ್ಟೋರಿವೀವರ್. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ತಾಣ. ಕನ್ನಡದ ಕಥೆಗಳು ನಾಲ್ಕು ಓದುವ ಹಂತಗಳಲ್ಲಿ ಅಲ್ಲಿವೆ. ಖಾತೆ ತೆರೆದು, ಭಾಷೆ ಆರಿಸಿ, ಚಿತ್ರಸಂಗ್ರಹದಿಂದ ಚಿತ್ರ ತೆಗೆದು ಕೆಳಗೆ ಸಾಲು ಟೈಪ್ ಮಾಡುತ್ತಾ ಹೋದರಾಯಿತು. ಬೇರೆ ಭಾಷೆಯ ಕಥೆಯನ್ನು ಕನ್ನಡಕ್ಕೆ ತರಲೂ ಬರುತ್ತದೆ. ಬಹುಪಾಲು ಕಥೆ-ಚಿತ್ರಗಳು ಸಿಸಿ ಬೈ 4.0 (ಕ್ರಿಯೇಟಿವ್ ಕಾಮನ್ಸ್) ಪರವಾನಗಿಯವು: ಬಳಸಬಹುದು, ಬದಲಾಯಿಸಬಹುದು, ಮೂಲದವರ ಹೆಸರು ಹಾಕಲೇಬೇಕು. ತಾಣದೊಳಗೇ ಮಾಡಿದರೆ ಆ ಹೆಸರುಗಳು ಕೊನೆಗೆ ತಾನಾಗಿ ಬರುತ್ತವೆ. ಚಿತ್ರವನ್ನು ಹೊರತಂದು ಬೇರೆ ಕಡೆ ಬಳಸಿದರೆ ಕಲಾವಿದರ ಹೆಸರು, ತಾಣ, ಪರವಾನಗಿ ಮೂರನ್ನೂ ನೀವೇ ಬರೆಯಬೇಕು. ಅಲ್ಲಿ ಪ್ರಕಟಿಸಿದ ನಿಮ್ಮ ಪುಸ್ತಕವನ್ನೂ ಯಾರು ಬೇಕಾದರೂ ಬದಲಾಯಿಸಿಕೊಳ್ಳಬಹುದು ಎಂಬುದು ನೆನಪಿರಲಿ.

ಮಕ್ಕಳ ದನಿ ಬೇಕೆಂದರೆ ಬುಕ್ ಕ್ರಿಯೇಟರ್ ಎಂಬ ಆ್ಯಪ್. ಉದ್ದ, ಚೌಕ, ಅಡ್ಡ ಎಂಬ ಮೂರು ಪುಟದ ಆಕಾರಗಳಿವೆ. ಟಿವಿಗಾದರೆ ಅಡ್ಡ ಆರಿಸಿ. ಶಿಕ್ಷಕರು ಲೈಬ್ರರಿ ತೆರೆದು ಕೋಡ್ ಕೊಟ್ಟರೆ ಮಕ್ಕಳು ಒಳಬರುತ್ತಾರೆ, ಪುಟದಲ್ಲೇ ದನಿ ಮುದ್ರಿಸುತ್ತಾರೆ. ಉಚಿತ ಖಾತೆಯಲ್ಲಿ ಪುಸ್ತಕಗಳ ಸಂಖ್ಯೆಗೆ ಮಿತಿ ಇರುವುದರಿಂದ ಮಗುವಿಗೊಂದು ಪುಸ್ತಕ ಎಂದು ಹೊರಡಬೇಡಿ. ಗುಂಪಿಗೊಂದು ಸಾಕು. ಇಲ್ಲಿಂದ ಹೊರಬರುವ ಇ-ಪಬ್‌ನಲ್ಲಿ ಪುಟದ ಜೋಡಣೆ ಕದಲುವುದಿಲ್ಲ. ಹಾಗಾಗಿ ಚಿಕ್ಕ ಫೋನಿನಲ್ಲಿ ಬೆರಳಿಂದ ಹಿಗ್ಗಿಸಿಯೇ ಓದಬೇಕಾಗುತ್ತದೆ.

ಶಾಲೆಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಬ್ಲೂಮ್ ನೋಡಿ. ಎಸ್‌ಐಎಲ್ ಸಂಸ್ಥೆಯ ಉಚಿತ ತಂತ್ರಾಂಶ, ಕಂಪ್ಯೂಟರಿಗೆ ಹಾಕಿಕೊಂಡರೆ ಆಮೇಲೆ ಇಂಟರ್ನೆಟ್ ಬೇಡ. ಒಂದೊಂದೇ ವಾಕ್ಯವಾಗಿ ದನಿ ಮುದ್ರಿಸಿದರೆ, ಓದುವಾಗ ಆಯಾ ವಾಕ್ಯ ಬಣ್ಣದಲ್ಲಿ ಎದ್ದು ಕಾಣುತ್ತದೆ. ಓದು ಕಲಿಯುವ ಮಗುವಿಗೆ ಇಷ್ಟು ಉಪಯೋಗದ ಸೌಲಭ್ಯ ಇನ್ನೊಂದಿಲ್ಲ. ಪುಟ ಮಗುಚುವ ಅನಿಮೇಶನ್ ನೋಡಲು ಚೆಂದ, ಕಲಿಕೆಗೆ ದಂಡ.

ಗೂಗಲ್ ಸ್ಲೈಡ್ಸ್‌ನಲ್ಲಿ ಎಲ್ಲರೂ ಒಮ್ಮೆ ಪ್ರಯತ್ನಿಸಿರುತ್ತಾರೆ. ಚಿತ್ರ-ಸಾಲುಗಳಿಗೆ ಚೆನ್ನಾಗಿದೆ. ದನಿಗೆ ಮಾತ್ರ ತೊಡಕು: ಆಡಿಯೋ ಕಡತ ಗೂಗಲ್ ಡ್ರೈವ್‌ನಲ್ಲಿ ಬೇರೆಯಾಗಿರುತ್ತದೆ, ಅದನ್ನೂ ಪ್ರತ್ಯೇಕವಾಗಿ ಹಂಚದಿದ್ದರೆ ನಿಮಗೆ ಕೇಳುವ ದನಿ ಬೇರೆಯವರಿಗೆ ಕೇಳುವುದಿಲ್ಲ. ಪಿಡಿಎಫ್ ಮಾಡಿದರೆ ದನಿ ಪೂರ್ತಿ ಹೋಗುತ್ತದೆ.

ಕನ್ನಡ ಅಕ್ಷರ ಕೆಡುವುದೆಲ್ಲಿ

ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಪಾಠವನ್ನು ಹಾಗೇ ಅಂಟಿಸಿದರೆ, ಕೊಂಬು-ಕೋಡು ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಅದು ಎಲ್ಲ ಸಾಧನಗಳಿಗೂ ತಿಳಿಯುವ ಯೂನಿಕೋಡ್ ಅಲ್ಲ. ಪರೀಕ್ಷೆ ಸುಲಭ: ಒಂದು ಸಾಲನ್ನು ನಕಲು ಮಾಡಿ ವಾಟ್ಸಾಪ್‌ನಲ್ಲಿ ನಿಮಗೇ ಕಳಿಸಿ. ಕನ್ನಡವಾಗಿ ಓದಲು ಬಂದರೆ ಸರಿ, ಇಲ್ಲವಾದರೆ ಯೂನಿಕೋಡ್ ಪರಿವರ್ತಕಕ್ಕೆ ಹಾಕಿ. ಪರಿವರ್ತನೆಯಾದ ಮೇಲೆ ಅರ್ಕಾವತ್ತು, ದೀರ್ಘ, ಉದ್ಧರಣ ಚಿಹ್ನೆ ಈ ಮೂರನ್ನು ಕಣ್ಣಿಟ್ಟು ತಿದ್ದಿ.

ಕಣ್ಣಿಗೇ ಬೀಳದ ತಪ್ಪೊಂದಿದೆ. ‘ಅ೦ಗೈ’, ‘ಅಂಗೈ’ ಎರಡೂ ನೋಡಲು ಒಂದೇ. ಮೊದಲನೆಯದರಲ್ಲಿ ಇರುವುದು ಸೊನ್ನೆ ಅಂಕಿ, ಎರಡನೆಯದರಲ್ಲಿ ಅನುಸ್ವಾರ. ಮನುಷ್ಯರಿಗೆ ವ್ಯತ್ಯಾಸ ತಿಳಿಯದು. ಫೋನು ಗಟ್ಟಿಯಾಗಿ ಓದುವಾಗ ತಡವರಿಸುತ್ತದೆ, ಹುಡುಕಿದರೆ ಪದ ಸಿಗುವುದಿಲ್ಲ. ಹುಡುಕಿ-ಬದಲಿಸುವ ಸೌಲಭ್ಯದಿಂದ ಸರಿಮಾಡಿ, ಆದರೆ ‘ಎಲ್ಲ ಬದಲಿಸು’ ಒತ್ತಬೇಡಿ: ೧೦, ೨೦ ಎಂದು ಕನ್ನಡ ಅಂಕಿ ಬರೆದಿದ್ದರೆ ಅವೂ ಹಾಳಾಗುತ್ತವೆ. ಅದೇ ರೀತಿ ‘ಹಾರ್ಡ್‌ವೇರ್’ ಎಂಬುದು ‘ಹಾರ್ಡ್ವೇರ್’ ಆಗಿ ಕೂಡಿಕೊಂಡರೆ ಅರ್ಧಾಕ್ಷರದ ನಂತರ ಬರಬೇಕಾದ, ಕಾಣದ ಬಿಡಿಸುವ ಚಿಹ್ನೆ ಬಿಟ್ಟುಹೋಗಿದೆ ಎಂದರ್ಥ.

ಫಾಂಟಿಗೆ ನೋಟೋ ಸ್ಯಾನ್ಸ್ ಕನ್ನಡ ಸಾಕು, ಶೀರ್ಷಿಕೆಗೆ ಬಲೂ ತಮ್ಮ 2 ಹಾಕಬಹುದು. ಸಾಲುಗಳ ನಡುವಿನ ಅಂತರ 1.5 ಇಡಿ. 1ಕ್ಕೆ ಇಳಿಸಿದರೆ ‘ರೊಟ್ಟಿ ತಟ್ಟಿದಳು’ ಎಂಬ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸಿಗೆ ತಾಕುತ್ತವೆ, ಆಗತಾನೇ ಓದುವ ಮಗು ಅಲ್ಲೇ ಎಡವುತ್ತದೆ. ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಗುಂಡಿಯನ್ನು ಮುಟ್ಟಲೇಬೇಡಿ. ಸಾಲನ್ನು ಎಡಕ್ಕೆ ಮಾತ್ರ ಜೋಡಿಸಿ; ಎರಡೂ ಅಂಚಿಗೆ ಎಳೆದರೆ ನಮ್ಮ ಉದ್ದ ಪದಗಳ ನಡುವೆ ಗುಂಡಿ ಬೀಳುತ್ತದೆ. ಟಿವಿಗಾಗಿ 16:9ರ ಸ್ಲೈಡಿನಲ್ಲಿ ಅಕ್ಷರ 28 ಪಾಯಿಂಟಿಗಿಂತ ಕಡಿಮೆ ಬೇಡ. ಹಿಂದಿನ ಬೆಂಚಿಗೆ ಹೋಗಿ ಕೂತು ಓದಿ ನೋಡಿ.

ಚಿತ್ರ, ದನಿ

ಮಕ್ಕಳು ಬಿಡಿಸಿದ ಚಿತ್ರವನ್ನು ಕಿಟಕಿಯ ಪಕ್ಕ, ಬಿಸಿಲು ನೇರ ಬೀಳದ ಕಡೆ ನೆಲದ ಮೇಲಿಟ್ಟು, ಫ್ಲ್ಯಾಶ್ ಆರಿಸಿ, ಸರಿಯಾಗಿ ಮೇಲಿನಿಂದ ಫೋಟೋ ತೆಗೆಯಿರಿ. ಓರೆಯಾದರೆ ಹಾಳೆ ಒಂದು ಕಡೆ ಕಿರಿದಾಗುತ್ತದೆ. ಫೋನಿನ ಒಂದು ಫೋಟೋ ಮೂರ್ನಾಲ್ಕು ಎಂಬಿ ಇದ್ದರೆ 12 ಚಿತ್ರಕ್ಕೆ ಪುಸ್ತಕ 40 ಎಂಬಿ ಮುಟ್ಟುತ್ತದೆ, ಪಾಲಕರು ಇಳಿಸಿಕೊಳ್ಳುವುದಿಲ್ಲ. ಅಗಲವನ್ನು 1200 ಪಿಕ್ಸೆಲ್‌ಗೆ ತಗ್ಗಿಸಿ ಜೆಪಿಜಿ ಮಾಡಿ. ರೊಟ್ಟಿ ಬಡಿಯುವ ಕೈಗಳ ಫೋಟೋ ಇರಲಿ, ಮಕ್ಕಳ ಮುಖ ಬೇಡ. ಮುಖ ಬೇಕೇ ಬೇಕೆಂದರೆ ಪಾಲಕರ ಲಿಖಿತ ಒಪ್ಪಿಗೆ ಪಡೆಯಿರಿ.

ದನಿ ಮುದ್ರಿಸುವಾಗ ಫ್ಯಾನ್ ಆರಿಸಿ. ಫೋನು ಬಾಯಿಂದ ಒಂದು ಗೇಣು ದೂರ, ನೇರ ಎದುರಿಗಿರದೆ ತುಸು ಪಕ್ಕಕ್ಕಿರಲಿ. ಎದುರಿಗಿದ್ದರೆ ‘ಫ’, ‘ಭ’ ಬಂದಾಗ ಗಾಳಿ ಬಡಿದ ಸದ್ದು ಸೇರುತ್ತದೆ. ಪುಟಕ್ಕೊಂದು ಕಡತ ಮಾಡಿ, ಒಂದು ಕೆಟ್ಟರೆ ಅದನ್ನಷ್ಟೇ ಮತ್ತೆ ಮುದ್ರಿಸಬಹುದು. ಸಾಮಾನ್ಯ ಗುಣಮಟ್ಟದ, ಕುಗ್ಗಿಸದ ಮೋನೋ ವೇವ್ ಕಡತ ನಿಮಿಷಕ್ಕೆ ಸುಮಾರು 5 ಎಂಬಿ, ಅದೇ 64 ಕೆಬಿಪಿಎಸ್ ಎಂಪಿ3 ಅರ್ಧ ಎಂಬಿಗೂ ಕಡಿಮೆ. ಮಾತಿಗೆ ಎಂಪಿ3 ಧಾರಾಳ.

ಹೊರತರುವುದು

ಬರೀ ಪಠ್ಯವೇ ಹೆಚ್ಚಿರುವ ಪುಸ್ತಕಕ್ಕೆ ಗೂಗಲ್ ಡಾಕ್ಸ್‌ನ ಫೈಲ್, ಡೌನ್‌ಲೋಡ್, ಇ-ಪಬ್ ದಾರಿ ಸಲೀಸು. ಲಿಬ್ರೆಆಫೀಸ್ ರೈಟರ್‌ನಲ್ಲೂ ಇ-ಪಬ್ ರಫ್ತು ಇದೆ. ಅಧ್ಯಾಯದ ಹೆಸರಿಗೆ ‘ಹೆಡಿಂಗ್ 1’ ಶೈಲಿ ಕೊಟ್ಟಿರಬೇಕು, ಬರೀ ದಪ್ಪ ಅಕ್ಷರ ಮಾಡಿದರೆ ಪರಿವಿಡಿ ಸರಿಯಾಗಿ ಮೂಡುವುದಿಲ್ಲ. ಫೋನಿನಲ್ಲಿ ಅಕ್ಷರ ಬೇರೆಯಾಗಿ ಕಂಡರೆ ಕ್ಯಾಲಿಬರ್ ತಂತ್ರಾಂಶದಲ್ಲಿ ಫಾಂಟನ್ನು ಪುಸ್ತಕದೊಳಗೇ ಸೇರಿಸಬಹುದು. ಕಂಪ್ಯೂಟರಿನಲ್ಲಿ ಓದಿ ಪರೀಕ್ಷಿಸಲು ಥೋರಿಯಂ ರೀಡರ್ ಉಚಿತ.

ಟಿವಿಗೆ ಪಿಪಿಟಿ ಒಯ್ಯಬೇಡಿ. ಟಿವಿಯಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಅಕ್ಷರಗಳ ಜಾಗದಲ್ಲಿ ಚೌಕಗಳು ಕೂರುತ್ತವೆ. ಪಿಡಿಎಫ್ ಒಳಗೆ ಫಾಂಟ್ ಇರುತ್ತದೆ. ಪೆನ್‌ಡ್ರೈವ್‌ನಲ್ಲಿ ಹಾಕಿ ಹಿಂದಿನ ದಿನವೇ ಹಚ್ಚಿ ನೋಡಿ. ಕಡತದ ಹೆಸರು ಇಂಗ್ಲಿಷಿನಲ್ಲಿರಲಿ, ಕೆಲವು ಟಿವಿಗಳು ಕನ್ನಡ ಹೆಸರು ತೋರಿಸುವುದಿಲ್ಲ. ಪುಸ್ತಕ ತೆರೆಯಲು ಕ್ಯೂಆರ್ ಕೋಡ್ ಅಂಟಿಸುವುದಾದರೆ ಗೂಗಲ್ ಡ್ರೈವ್‌ನಲ್ಲಿ ಆ ಕಡತವನ್ನು ‘ಲಿಂಕ್ ಇರುವ ಯಾರಾದರೂ ನೋಡಬಹುದು’ ಎಂದು ಮಾಡಿ, ಬೇರೊಬ್ಬರ ಫೋನಿನಿಂದ ಸ್ಕ್ಯಾನ್ ಮಾಡಿ. ನಿಮ್ಮ ಫೋನಿನಲ್ಲಿ ಅದು ಯಾವಾಗಲೂ ತೆರೆಯುತ್ತದೆ, ಅದು ಪರೀಕ್ಷೆಯಲ್ಲ.

ಕಾಗದದ ಪ್ರತಿಗೆ ಎ5 ಅಳತೆಯ 16 ಪುಟ ಮಾಡಿ ‘ಬುಕ್‌ಲೆಟ್’ ಎಂದು ಪ್ರಿಂಟ್ ಕೊಟ್ಟರೆ 4 ಎ4 ಹಾಳೆಯಲ್ಲಿ ಮುಗಿಯುತ್ತದೆ. ಎರಡೂ ಬದಿ ಮುದ್ರಿಸುವಾಗ ಚಿಕ್ಕ ಅಂಚಿಗೆ ತಿರುಗಿಸಬೇಕು, ದೊಡ್ಡ ಅಂಚು ಆರಿಸಿದರೆ ಅರ್ಧ ಪುಟಗಳು ತಲೆಕೆಳಗಾಗುತ್ತವೆ.

ತರಗತಿಯಲ್ಲಿ

ಮೊದಲ ಸಲ ದನಿ ಬಂದ್ ಮಾಡಿ ಚಿತ್ರ ಮಾತ್ರ ತೋರಿಸಿ, ಮಕ್ಕಳು ಹೇಳಲಿ. ಎರಡನೇ ಸಲ ದನಿಯೊಂದಿಗೆ. ಮೂರನೇ ಸಲ ದನಿ ಇಲ್ಲದೆ ಮಕ್ಕಳೇ ಪುಟಕ್ಕೊಬ್ಬರಂತೆ ಓದಲಿ. 40 ನಿಮಿಷದ ಪೀರಿಯಡ್‌ಗೆ ಇಷ್ಟು ಸರಿಹೋಗುತ್ತದೆ. ಓದುವಾಗ ಮಕ್ಕಳು ತಪ್ಪು ಹಿಡಿದೇ ಹಿಡಿಯುತ್ತಾರೆ. ಪುಟಸಂಖ್ಯೆ ಸಮೇತ ಬರೆದುಕೊಂಡು ಮೂಲ ಕಡತದಲ್ಲಿ ತಿದ್ದಿ, ಹೆಸರಿನ ಕೊನೆಗೆ 2 ಎಂದು ಸೇರಿಸಿ ಉಳಿಸಿ, ಪೆನ್‌ಡ್ರೈವ್‌ನಲ್ಲಿದ್ದ ಹಳೆಯದನ್ನು ಅಳಿಸಿಬಿಡಿ.