ಕಿವಿಯ ಮಷೀನು ಬೀರು ಸೇರದಂತೆ ನೋಡಿಕೊಳ್ಳುವುದು ಹೇಗೆ?

ಬೆಂಗಳೂರಿನ ಎಷ್ಟೋ ಮನೆಗಳ ಬೀರುವಿನಲ್ಲಿ ಒಂದು ಶ್ರವಣ ಸಾಧನ ತನ್ನ ಡಬ್ಬಿಯೊಳಗೇ ಮಲಗಿರುತ್ತದೆ. ಮಕ್ಕಳು ಸಾವಿರಾರು ರೂಪಾಯಿ ಕೊಟ್ಟು ತಂದಿರುತ್ತಾರೆ. ವಾರವೊಪ್ಪತ್ತು ಹಾಕಿಕೊಂಡ ತಾತ ‘ಬರೀ ಗದ್ದಲ, ನನಗೆ ಬೇಡ’ ಎಂದು ತೆಗೆದಿಟ್ಟಿರುತ್ತಾರೆ. ನಾನು ನೋಡಿದ ಮಟ್ಟಿಗೆ, ಎಡವಟ್ಟಾಗುವುದು ಕೊಂಡ ಮೇಲಿನ ಮೊದಲ ತಿಂಗಳಿನಲ್ಲಿ. ಆ ತಿಂಗಳಿನಲ್ಲಿ ಮನೆಯವರು ಜೊತೆಗೆ ನಿಂತರೆ ಮಷೀನು ಕಿವಿಯಲ್ಲೇ ಉಳಿಯುತ್ತದೆ.

ಮೊದಲು ಗುರುತಿಸುವುದು. ವಯಸ್ಸಾದಂತೆ ಒಳಕಿವಿಯ ಕಾಕ್ಲಿಯಾದಲ್ಲಿರುವ ಸೂಕ್ಷ್ಮ ರೋಮಕೋಶಗಳು ನಾಶವಾಗುತ್ತವೆ. ಅವು ಮತ್ತೆ ಹುಟ್ಟುವುದಿಲ್ಲ. ಹೆಚ್ಚು ಕಂಪನಾಂಕದ, ಅಂದರೆ ಕೀರಲು ದನಿಯಂತಹ ಸದ್ದುಗಳು ಮೊದಲು ಕೈಬಿಡುತ್ತವೆ. ಹಾಗಾಗಿ ಸ್ವರಗಳು ಕೇಳಿಸಿದರೂ ಸ, ಶ, ತ, ಕ ಮುಂತಾದ ವ್ಯಂಜನಗಳು ಜಾರಿಹೋಗುತ್ತವೆ. ‘ಮಾತಾಡುವುದು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ’ ಎಂದು ಅಮ್ಮ ಹೇಳಿದರೆ ನಂಬಿ. ‘ಬೇಕಾದ್ದು ಮಾತ್ರ ಕೇಳಿಸುತ್ತದೆ ನಿಮಗೆ’ ಎಂದು ಹಂಗಿಸಬೇಡಿ.

ಇಲ್ಲೊಂದು ಎಚ್ಚರಿಕೆ. ಒಂದು ಕಿವಿ ಇದ್ದಕ್ಕಿದ್ದಂತೆ, ಒಂದೆರಡು ದಿನದೊಳಗೆ ಮಂದವಾದರೆ ಅದು ತುರ್ತು ಪರಿಸ್ಥಿತಿ. ಶೀತದಿಂದ ಇರಬಹುದು ಎಂದು ಕಾಯದೆ ಅಂದೇ ಇಎನ್‌ಟಿ ವೈದ್ಯರನ್ನು ಕಾಣಿ. ತಡವಾದಷ್ಟೂ ಶ್ರವಣ ಮರಳುವ ಸಾಧ್ಯತೆ ಕಡಿಮೆಯಾಗುತ್ತದೆ.

ಎರಡನೆಯದು ಪರೀಕ್ಷೆ. ಅಂಗಡಿಗಿಂತ ಮೊದಲು ಇಎನ್‌ಟಿ ವೈದ್ಯರು. ಕೆಲವೊಮ್ಮೆ ಗುಗ್ಗೆ ತೆಗೆಸಿದರೆ ಸಾಕು, ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಇಯರ್‌ಬಡ್ ಗುಗ್ಗೆಯನ್ನು ಇನ್ನಷ್ಟು ಒಳಗೆ ತಳ್ಳುತ್ತದೆ. ಬಿಸಿ ಎಣ್ಣೆ, ಹೇರ್‌ಪಿನ್, ರಸ್ತೆಬದಿಯಲ್ಲಿ ಕಿವಿ ಶುಚಿ ಮಾಡುವವರು, ಎಲ್ಲಕ್ಕೂ ದೂರದಿಂದಲೇ ಕೈಮುಗಿಯಿರಿ. ಆಮೇಲೆ ಆಡಿಯೋಗ್ರಾಮ್, ಅಂದರೆ ಯಾವ ಸದ್ದು ಎಷ್ಟು ಕೇಳಿಸುತ್ತದೆ ಎಂದು ಅಳೆದು ತೋರಿಸುವ ನಕ್ಷೆ. ವಿಕ್ಟೋರಿಯಾ, ಬೌರಿಂಗ್‌ನಂತಹ ಸರ್ಕಾರಿ ಆಸ್ಪತ್ರೆಗಳಲ್ಲಿ ಇಎನ್‌ಟಿ ವಿಭಾಗವಿದೆ. ಹೆಣ್ಣೂರು ರಸ್ತೆಯಲ್ಲಿ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ವರದಿಯಲ್ಲಿ ಕೆಂಪು ಸೊನ್ನೆಗಳು ಬಲಗಿವಿ, ನೀಲಿ ಗುಣಿಸು ಚಿಹ್ನೆಗಳು ಎಡಗಿವಿ. ಗೆರೆ ಕೆಳಗಿಳಿದಷ್ಟೂ ಶ್ರವಣ ಕಡಿಮೆ. ಸಾಮಾನ್ಯವಾಗಿ 25 ಡೆಸಿಬಲ್‌ವರೆಗೆ ಸರಿ, 40ರವರೆಗೆ ಅಲ್ಪ ದೋಷ, ಅದರ ನಂತರ ಮಧ್ಯಮ, 70 ದಾಟಿದರೆ ತೀವ್ರ ಎಂದು ಲೆಕ್ಕ.

ಮೂರನೆಯದು ಕೊಳ್ಳುವುದು. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಬಳಿಯೇ ಹೋಗಿ, ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. ಆನ್‌ಲೈನಿನಲ್ಲಿ ಒಂದೆರಡು ಸಾವಿರಕ್ಕೆ ಸಿಗುವ ‘ಸೌಂಡ್ ಆಂಪ್ಲಿಫಯರ್’ ಖಂಡಿತ ಬೇಡ. ಅದಕ್ಕೆ ಆಡಿಯೋಗ್ರಾಮಿನ ಗೊಡವೆಯೇ ಇಲ್ಲ. ಮಾತು, ಫ್ಯಾನು, ಹಾರನ್ ಎಲ್ಲವನ್ನೂ ಒಟ್ಟಿಗೆ ಏರಿಸುತ್ತದೆ. ಹೊರಗೆ ಕಾಣದಷ್ಟು ಪುಟ್ಟ ಸಾಧನಗಳ ಜಾಹೀರಾತಿಗೂ ಮರುಳಾಗಬೇಡಿ. ಎಪ್ಪತ್ತು ದಾಟಿದವರ ಬೆರಳಿಗೆ ಕಿವಿಯ ಹಿಂದೆ ಕೂರುವ ಮಾದರಿಯೇ ಒಳ್ಳೆಯದು. ಬಿಪಿಎಲ್ ಕುಟುಂಬದ ಹಿರಿಯರಿಗೆ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಶ್ರವಣ ಸಾಧನ ಉಚಿತವಾಗಿ ಸಿಗುತ್ತದೆ, ವಿಚಾರಿಸಿ.

ಈಗ ಕಷ್ಟದ ಹಂತ, ಮೊದಲ ತಿಂಗಳು.

ಕೆಂಪು ಗುರುತಿನದು ಬಲಕ್ಕೆ, ನೀಲಿಯದು ಎಡಕ್ಕೆ. ಕಿವಿಯೊಳಗೆ ಕೂರುವ ಭಾಗವೇ ಅಚ್ಚು. ಅದನ್ನು ತೊಡಿಸುವಾಗ ಒಂದು ಕೈಯಿಂದ ಕಿವಿಯನ್ನು ಮೃದುವಾಗಿ ಮೇಲಕ್ಕೂ ಹಿಂದಕ್ಕೂ ಎಳೆದು, ಅಚ್ಚಿನ ನಾಳದ ತುದಿಯನ್ನು ಮೊದಲು ಒಳಗಿಳಿಸಿ, ಸ್ವಲ್ಪ ತಿರುಗಿಸಿ, ಮೇಲಿನ ಬಾಗಿದ ಭಾಗವನ್ನು ಕಿವಿಯ ಮಡಿಕೆಯೊಳಗೆ ಸೇರಿಸಬೇಕು. ಆ ಮೇಲಿನ ಭಾಗ ಹೊರಗೇ ಉಳಿದರೆ ‘ಕುಯ್’ ಎಂಬ ಸಿಳ್ಳೆ ಬರುತ್ತದೆ. ಬಹಳ ಮಂದಿ ಆಗ ವಾಲ್ಯೂಮ್ ತಗ್ಗಿಸುತ್ತಾರೆ. ಸಿಳ್ಳೆಯ ಜೊತೆ ಮಾತೂ ಹೋಗುತ್ತದೆ. ಅಚ್ಚನ್ನು ಸರಿಯಾಗಿ ಕೂರಿಸಿ. ಆಮೇಲೂ ಸಿಳ್ಳೆ ಬಂದರೆ ಕಿವಿಯಲ್ಲಿ ಗುಗ್ಗೆ ಇರಬಹುದು, ಇಲ್ಲವೇ ಅಚ್ಚು ಸಡಿಲವಾಗಿರಬಹುದು.

ವರ್ಷಗಟ್ಟಲೆ ಕಡಿಮೆ ಸದ್ದಿಗೆ ಒಗ್ಗಿದ ಮಿದುಳಿಗೆ ಒಮ್ಮೆಲೇ ಎಲ್ಲವೂ ಕೇಳಿಸಿದರೆ ದಿಗಿಲಾಗುತ್ತದೆ. ತಮ್ಮದೇ ದನಿ ಕೊಡದೊಳಗಿನಿಂದ ಬಂದಂತೆ ಅನಿಸುತ್ತದೆ. ಇದನ್ನು ಮೊದಲೇ ಹೇಳಿಡಿ, ಹೆದರಿಕೆ ಅರ್ಧ ಇಳಿಯುತ್ತದೆ. ಮೊದಲ ವಾರ ಟಿವಿ ಆರಿಸಿ, ದಿನಕ್ಕೆ ಎರಡು ಮೂರು ಗಂಟೆ, ಒಬ್ಬರೊಡನೆ ಮಾತ್ರ ಮಾತು. ನಾನು ಎಲ್ಲರಿಗೂ ಹೇಳುವ ಅಭ್ಯಾಸ ಒಂದಿದೆ: ಮನೆಯ ಒಬ್ಬರು ದಿನಪತ್ರಿಕೆಯನ್ನು ಗಟ್ಟಿಯಾಗಿ ಓದಲಿ, ಹಿರಿಯರು ಅದೇ ಸಾಲುಗಳ ಮೇಲೆ ಕಣ್ಣಾಡಿಸುತ್ತಾ ಕೇಳಲಿ. ಕಣ್ಣು ಕಂಡ ಅಕ್ಷರಕ್ಕೆ ಕಿವಿ ಕೇಳಿದ ಸದ್ದು ಮತ್ತೆ ಜೊತೆಯಾಗುತ್ತದೆ. ಎರಡನೇ ವಾರ ಅಡುಗೆಮನೆ, ಮಿಕ್ಸಿ, ಕುಕ್ಕರ್. ಮೂರನೇ ವಾರ ಬೀದಿ, ದೇವಸ್ಥಾನ, ಬಸ್ಸು. ಮದುವೆ ಛತ್ರ ಕಟ್ಟಕಡೆಗೆ. ಹೊಸ ಸಾಧನವನ್ನು ನೇರ ಆರತಕ್ಷತೆಗೆ ಹಾಕಿಸಿಕೊಂಡು ಹೋಗಿ ಕೆಡಿಸಿದವರನ್ನು ಬಹಳ ಕಂಡಿದ್ದೇನೆ.

ಒಂದು ಚಿಕ್ಕ ನೋಟ್‌ಪುಸ್ತಕ ಇಡಿ. ‘ಸ್ಟೀಲ್ ಲೋಟ ಕೆಳಗಿಟ್ಟರೆ ಕಿವಿಗೆ ಚುಚ್ಚುತ್ತದೆ’, ‘ಮೊಮ್ಮಗಳ ಮಾತು ಇನ್ನೂ ತಿಳಿಯುತ್ತಿಲ್ಲ’, ಹೀಗೆ ಬರೆದಿಟ್ಟು ಎರಡು ಮೂರು ವಾರದ ನಂತರ ಆಡಿಯಾಲಜಿಸ್ಟರಿಗೆ ತೋರಿಸಿ. ‘ಸರಿಯಿಲ್ಲ’ ಎಂದಷ್ಟೇ ಹೇಳಿದರೆ ಅವರು ಏನನ್ನು ತಿದ್ದಬೇಕು? ಇಂಥ ವಿವರ ಸಿಕ್ಕರೆ ಯಾವ ಕಂಪನಾಂಕವನ್ನು ತಗ್ಗಿಸಬೇಕು, ಯಾವುದನ್ನು ಏರಿಸಬೇಕು ಎಂದು ತಿಳಿಯುತ್ತದೆ. ಈ ಮರುಹೊಂದಿಕೆಯ ಭೇಟಿಯನ್ನು ತಪ್ಪಿಸಲೇಬೇಡಿ. ಮನೆಯವರು ಕಿರುಚುವುದನ್ನು ನಿಲ್ಲಿಸಲಿ. ಕಿರುಚಿದರೆ ವ್ಯಂಜನಗಳು ಇನ್ನಷ್ಟು ಕಲಸಿಹೋಗುತ್ತವೆ. ಮೊದಲು ‘ಅಪ್ಪಾ’ ಎಂದು ಕರೆದು, ಮುಖ ಕಾಣುವಂತೆ ಬೆಳಕಿನಲ್ಲಿ ನಿಂತು, ನಿಧಾನವಾಗಿ ಮಾತನಾಡಿ.

ನಿರ್ವಹಣೆ ಸುಲಭ. ರಾತ್ರಿ ಬ್ಯಾಟರಿ ಬಾಗಿಲು ತೆರೆದು, ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಸ್ನಾನಕ್ಕೆ ಮೊದಲು ತೆಗೆಯಿರಿ. ಜಿಂಕ್-ಏರ್ ಬ್ಯಾಟರಿಯ ಸ್ಟಿಕ್ಕರ್ ಕಿತ್ತ ಮೇಲೆ ಗಾಳಿಯಾಡಲು ಒಂದೆರಡು ನಿಮಿಷ ಬಿಟ್ಟು ಹಾಕಿ.

ಮನೆಯ ಕಿರಿಯರಿಗೂ ಒಂದು ಮಾತು: 85 ಡೆಸಿಬಲ್ ಸದ್ದಿಗೆ ದಿನಕ್ಕೆ ಎಂಟು ಗಂಟೆ ಮಿತಿ, ಪ್ರತಿ 3 ಡೆಸಿಬಲ್ ಏರಿದಾಗ ಆ ಅವಧಿ ಅರ್ಧಕ್ಕಿಳಿಯುತ್ತದೆ. ಗಣೇಶನ ಪೆಂಡಾಲಿನಲ್ಲಿ ಸ್ಪೀಕರ್ ಮುಂದೆ ನಿಲ್ಲಬೇಡಿ, ಕಾರ್ಖಾನೆಯಲ್ಲಿ ಕೆಲಸವಿದ್ದರೆ ಇಯರ್‌ಪ್ಲಗ್ ಹಾಕಿಕೊಳ್ಳಿ. ಮಷೀನು ಹಾಕಿದವರಿಗೆ ವರ್ಷಕ್ಕೊಮ್ಮೆ ಆಡಿಯೋಗ್ರಾಮ್ ಮಾಡಿಸಿ, ಹಳೆಯ ವರದಿಯನ್ನೂ ಜೊತೆಗೆ ಒಯ್ಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿಯೇ ಸಾಧನವನ್ನು ಹೊಸದಾಗಿ ಹೊಂದಿಸಬೇಕಾಗುತ್ತದೆ.