ಲುಸಿಟಾನಿಯಾ ಪ್ರಯಾಣಿಕರ ಬದುಕನ್ನು ಹುಡುಕುವುದು ಹೇಗೆ?

1915ರ ಮೇ 7ರಂದು ಐರ್ಲೆಂಡ್ ತೀರದ ಹತ್ತಿರ ಜರ್ಮನ್ ಜಲಾಂತರ್ಗಾಮಿ ಯು-20 ಹೊಡೆದ ಟಾರ್ಪೆಡೊಗೆ ಬ್ರಿಟನ್ನಿನ ಪ್ರಯಾಣಿಕರ ಹಡಗು ಲುಸಿಟಾನಿಯಾ ಸುಮಾರು 18 ನಿಮಿಷದಲ್ಲಿ ಮುಳುಗಿತು. ಸತ್ತವರು ಸುಮಾರು 1,200 ಜನ. ಈ ಸಂಖ್ಯೆಯಲ್ಲೇ ನಿಲ್ಲಬೇಡಿ, ಒಬ್ಬರನ್ನು ಆರಿಸಿಕೊಳ್ಳಿ. ವ್ಯಾಂಡರ್‌ಬಿಲ್ಟ್‌ನಂಥ ಹಡಗಿನಲ್ಲಿದ್ದ ಶ್ರೀಮಂತರ ಬಗ್ಗೆ ಜನ ಬೇಕಾದಷ್ಟು ಬರೆದಿದ್ದಾರೆ. ಮೂರನೇ ದರ್ಜೆಯವರನ್ನು ಹುಡುಕಿ, ಅವರ ಕಥೆ ಕೇಳಿದವರು ಕಡಿಮೆ.

ಲಿವರ್‌ಪೂಲ್‌ನ ಕಡಲ ವಸ್ತುಸಂಗ್ರಹಾಲಯದವರು ಹಡಗಿನಲ್ಲಿದ್ದವರ ವಿವರಗಳನ್ನು ಆನ್‌ಲೈನ್‌ನಲ್ಲಿ ಇಟ್ಟಿದ್ದಾರೆ, ಅಲ್ಲಿಂದಲೇ ಶುರು ಮಾಡಿ. ಹೆಸರನ್ನು ಎರಡು ಮೂರು ಥರ ಬರೆದು ನೋಡಿ, ಆಗಿನ ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಬರೆದುಕೊಂಡದ್ದೂ ಉಂಟು. ಆಮೇಲೆ 1911ರ ಬ್ರಿಟಿಷ್ ಅಥವಾ ಐರಿಷ್ ಜನಗಣತಿ, 1910ರ ಅಮೆರಿಕದ ಜನಗಣತಿ ತೆರೆಯಿರಿ. ಮನೆಯಲ್ಲಿ ಯಾರಿದ್ದರು, ಏನು ಕೆಲಸ ಮಾಡುತ್ತಿದ್ದರು ಅಂತ ಗೊತ್ತಾಗುತ್ತದೆ.

ನನಗೆ ಜಾಸ್ತಿ ಮನಸ್ಸಿಗೆ ತಟ್ಟುವುದು ಪರಿಹಾರದ ಕಡತಗಳು. ಮೊದಲ ಮಹಾಯುದ್ಧ ಮುಗಿದ ಮೇಲೆ ಅಮೆರಿಕ ಮತ್ತು ಜರ್ಮನಿಯ ಜಂಟಿ ಆಯೋಗವೊಂದು ಅಮೆರಿಕನ್ನರ ಅರ್ಜಿಗಳನ್ನು ವಿಚಾರಿಸಿತು. ಸತ್ತವರ ವಯಸ್ಸು, ದುಡಿಮೆ, ಅವರನ್ನೇ ನಂಬಿಕೊಂಡಿದ್ದ ಹೆಂಡತಿ, ಮಕ್ಕಳು, ಮುದಿ ತಾಯಿ, ಜೊತೆಗೆ ಒಯ್ದ ಸಾಮಾನು, ಹೀಗೆ ಒಂದು ಸಂಸಾರದ ಚಿತ್ರವೇ ಆ ತೀರ್ಪುಗಳಲ್ಲಿ ಸಿಗುತ್ತದೆ. ನಿಧಾನವಾಗಿ ಓದಿ.

ಪತ್ರಿಕೆಗಳನ್ನು ಮಾತ್ರ ಹುಷಾರಾಗಿ ಬಳಸಿ. ಮೊದಲ ದಿನಗಳ ಪಟ್ಟಿಗಳಲ್ಲಿ ಬದುಕಿದವರು, ಸತ್ತವರು ಅದಲುಬದಲಾಗಿದ್ದಾರೆ. ಕೊನೆಗೆ ಆಗ ಕ್ವೀನ್ಸ್‌ಟೌನ್ ಅನ್ನುತ್ತಿದ್ದ, ಐರ್ಲೆಂಡಿನ ಕೋವ್ ಊರಿನ ಹಳೇ ಸ್ಮಶಾನದ ದಾಖಲೆ ನೋಡಿ. ಅಲ್ಲಿ ಸಾಮೂಹಿಕ ಗುಂಡಿಗಳಲ್ಲಿ ಹೂಳಿದ ಎಷ್ಟೋ ಜನರಿಗೆ ಇನ್ನೂ ಹೆಸರಿಲ್ಲ.